ಗ್ಯಾರೇಜ್ ಕಟ್ಟೆ: ಅಜ್ಜನ ಎಂಜಿಗೆ ಮೊದಲು ಬಣ್ಣವೋ, ಬ್ರೇಕೋ?

ಈ ಸಲ ಬಂದ ಪತ್ರಗಳಲ್ಲಿ ಹಳೇ ಕಾರಿನವೇ ಜಾಸ್ತಿ. ಅದರಲ್ಲೂ ತೀರ್ಥಹಳ್ಳಿಯಿಂದ ಬಂದ ಒಂದು ಪತ್ರ ಎರಡು ಹಾಳೆ ತುಂಬ ಇದೆ, ಫೋಟೊಗಳೂ ಜೊತೆಗಿವೆ. ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಮೈಲೇಜ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ತಡೆದುಕೊಳ್ಳಿ.

ಪ್ರಶ್ನೆ: ನಮ್ಮದು ಅಡಿಕೆ ತೋಟದ ಮನೆ. ಕೊಪ್ಪದ ಕಡೆ ಕಾಫಿ ತೋಟ ಮಾಡಿಕೊಂಡಿದ್ದ ದೊರೆಯೊಬ್ಬರು ತಮ್ಮ ದೇಶಕ್ಕೆ ವಾಪಸ್ ಹೋಗುವಾಗ ಅಜ್ಜ ಅವರಿಂದ ಒಂದು ಎಂಜಿ ಕಾರು ಕೊಂಡಿದ್ದರು. ಎರಡೇ ಸೀಟು, ಮೇಲೆ ಬಟ್ಟೆ ಹುಡ್. 1951ರ ಟಿಡಿ ಅಂತ ಹಳೇ ಪುಸ್ತಕದಲ್ಲಿದೆ. ಅಪ್ಪ ಮದುವೆಯಾದ ಹೊಸದರಲ್ಲಿ ಓಡಿಸಿದ್ದರಂತೆ. ಆಮೇಲೆ ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ನಿಂತದ್ದು ಅಲ್ಲೇ ನಿಂತಿದೆ, 30 ವರ್ಷದ ಮೇಲಾಯ್ತು. ಎಂಜಿನ್ ತಿರುಗುವುದಿಲ್ಲ. ಬಾಗಿಲು ಜೋತು ಬಿದ್ದಿದೆ, ಒಳಗಿನ ಮರ ಕೈಯಲ್ಲಿ ಹಿಚುಕಿದರೆ ಪುಡಿಯಾಗುತ್ತದೆ. ಒಬ್ಬರು ಬಂದು ನೋಡಿ, ಬಣ್ಣ, ಸೀಟು, ಕ್ರೋಮ್ ಎಲ್ಲ ಹೊಸದು ಮಾಡಿಕೊಡ್ತೀನಿ, ಎಂಜಿನ್ ಆಮೇಲೆ ನೋಡೋಣ ಅಂದರು. ಚಿಕ್ಕಪ್ಪ ಮಾರಿಬಿಡಿ ಅಂತಾರೆ. ಮುಂದಿನ ವೈಶಾಖದಲ್ಲಿ ತಮ್ಮನ ಮದುವೆ, ದಿಬ್ಬಣ ಆ ಕಾರಲ್ಲೇ ಹೋಗಬೇಕು ಅಂತ ಅಮ್ಮನ ಆಸೆ. ಎಲ್ಲಿಂದ ಶುರು ಮಾಡಲಿ?
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬಣ್ಣದವರಿಗೆ ಅಡ್ವಾನ್ಸ್ ಕೊಡಬೇಡಿ. ಕೊಟ್ಟಿದ್ದರೆ ಕೆಲಸ ನಿಲ್ಲಿಸಿ ಅನ್ನಿ.

ಬಣ್ಣ ಬೇಗ ಆಗುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ, ನೆಂಟರು ಹೊಗಳುತ್ತಾರೆ. ಅದಕ್ಕೇ ಎಲ್ಲರೂ ಅಲ್ಲಿಂದಲೇ ಶುರು ಮಾಡುವುದು. ಆಮೇಲೆ ಎಂಜಿನ್ ಎತ್ತಬೇಕು, ಬಾಗಿಲ ಮರ ಬದಲಿಸಬೇಕು ಅಂದಾಗ ಅದೇ ಹೊಸ ಬಣ್ಣದ ಮೇಲೆ ಪಾನ (ಸ್ಪ್ಯಾನರ್) ಬೀಳುತ್ತದೆ, ಚೈನ್ ಪುಲ್ಲಿ ಸರಪಳಿ ಉಜ್ಜುತ್ತದೆ, ಅಷ್ಟು ಹೊತ್ತಿಗೆ ಕೈಯಲ್ಲಿದ್ದ ದುಡ್ಡೂ ಮುಗಿದಿರುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಕಡೆ ಇಂಥ ಕಾರುಗಳಿವೆ. ಹೊರಗೆ ಕನ್ನಡಿ ಹಾಗೆ ಹೊಳೆಯುತ್ತವೆ, ಶೆಡ್ಡಿನಿಂದ ಹೊರಗೆ ತರಬೇಕಾದರೆ ನಾಲ್ಕು ಜನ ತಳ್ಳಬೇಕು. ನನ್ನ ಕೇಳಿದರೆ ಬ್ರೇಕು ಮೊದಲು, ಎಂಜಿನ್ ಆಮೇಲೆ, ಮರ ಅದರ ಜೊತೆಜೊತೆಗೆ, ಬಣ್ಣ ಎಲ್ಲದಕ್ಕಿಂತ ಕೊನೆಗೆ. ಬಣ್ಣಕ್ಕೆ ದುಡ್ಡು ಉಳಿಯದಿದ್ದರೂ ಪರವಾಗಿಲ್ಲ. ಹಳೇ ಬಣ್ಣದಲ್ಲೇ ಓಡುವ ಕಾರು ನೋಡಲು ಏನೂ ಕಮ್ಮಿ ಇರುವುದಿಲ್ಲ.

ಕಾರಿನ ವಿಷಯಕ್ಕೆ ಬರೋಣ. ಟಿಡಿ ಮಾಡೆಲ್ಲು ಇಂಗ್ಲೆಂಡಿನ ಅಬಿಂಗ್ಡನ್ ಅನ್ನುವ ಊರಿನ ಕಾರ್ಖಾನೆಯಲ್ಲಿ 1949ರ ಕೊನೆಯಿಂದ 1953ರವರೆಗೆ ತಯಾರಾಯಿತು. ಒಟ್ಟು 29,664 ಕಾರು ಹೊರಬಂದವು, ಬಹುಪಾಲು ಅಮೆರಿಕಕ್ಕೆ ಹೋದವು. ಇದು ನಿಮ್ಮ ಅದೃಷ್ಟ. ಅಷ್ಟೊಂದು ಕಾರು ಅಲ್ಲಿ ಇರುವುದರಿಂದಲೇ ಇವತ್ತಿಗೂ ಅದರ ಗ್ಯಾಸ್ಕೆಟ್ಟು, ಬೇರಿಂಗು, ಬ್ರೇಕಿನ ರಬ್ಬರು, ಕೊನೆಗೆ ಮರದ ಚೌಕಟ್ಟು ಕೂಡ ಹೊಸದಾಗಿ ಮಾಡುತ್ತಾರೆ, ಇಂಗ್ಲೆಂಡಿನಿಂದ ತರಿಸಬಹುದು. ಸುಂಕ, ಸಾಗಣೆ ಸೇರಿ ಜೇಬಿಗೆ ಬಿಸಿ ತಟ್ಟುತ್ತದೆ, ಅದು ಬೇರೆ ಮಾತು. ಈಗಿನ ಎಂಜಿ ಶೋರೂಮಿಗೆ ಹೋಗಿ ಕೇಳಬೇಡಿ, ಪಾಪ, ಅವರಿಗೂ ಇದಕ್ಕೂ ಹೆಸರೊಂದು ಬಿಟ್ಟರೆ ಏನೂ ಸಂಬಂಧ ಇಲ್ಲ.

ಏನು ತರಿಸುವ ಮೊದಲೂ ನಂಬರ್ ಓದಿ. ಎಂಜಿನ್ ನಂಬರು ಎಂಟು ಮೂಲೆಯ ಸಣ್ಣ ಹಿತ್ತಾಳೆ ತಗಡಿನ ಮೇಲಿರುತ್ತದೆ, ಎಕ್ಸ್‌ಪಿಎಜಿ ಅಂತ ಶುರುವಾಗುತ್ತದೆ. ಅದರ ಮುಂದೆ ಟಿಡಿ ಅಂತ ಇದ್ದರೆ ಕ್ಲಚ್ ಪ್ಲೇಟು 7¼ ಇಂಚು, ಟಿಡಿ2 ಅಂತ ಇದ್ದರೆ 8 ಇಂಚು. ಹೆಡ್ ಗ್ಯಾಸ್ಕೆಟ್ಟಿನಲ್ಲೂ (ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡಿನ ಅಡಿ ಕೂರುವ ಹಾಳೆ) ಎರಡು ಜಾತಿ. ಮೊದಮೊದಲ ಹೆಡ್ಡುಗಳಲ್ಲಿ ನೀರಿನ ತೂತು ಬಾಳೆಹಣ್ಣಿನ ಆಕಾರಕ್ಕೆ ಇತ್ತು, ಆಮೇಲೆ ದುಂಡಗಾಯಿತು. ಹೆಡ್ ಬಿಚ್ಚಿ ಕಣ್ಣಾರೆ ನೋಡದೆ ಆರ್ಡರ್ ಮಾಡಿದರೆ ತಪ್ಪು ಸಾಮಾನು ಬರುತ್ತದೆ. ಅದನ್ನು ವಾಪಸ್ ಕಳಿಸುವ ಖರ್ಚಿನಲ್ಲಿ ಇನ್ನೊಂದು ಬರುತ್ತದೆ.

ಇನ್ನು ಪಾನದ ವಿಷಯ. ಇದನ್ನು ನಿಮ್ಮ ಗ್ಯಾರೇಜಿನ ಹುಡುಗನಿಗೆ ಓದಿ ಹೇಳಿ. ಈ ಎಂಜಿನ್ನಿನ ಬೋಲ್ಟುಗಳಿಗೆ ಮರೆ (ಥ್ರೆಡ್) ಇರುವುದು ಮಿಲಿಮೀಟರ್ ಲೆಕ್ಕದಲ್ಲಿ, ಆದರೆ ತಲೆ ಇರುವುದು ವಿಟ್‌ವರ್ತ್ ಅನ್ನುವ ಹಳೇ ಇಂಗ್ಲಿಷ್ ಅಳತೆಯಲ್ಲಿ. ಇದೇನು ಹುಚ್ಚಾಟ ಅನ್ನಿಸಬಹುದು. ಈ ಎಂಜಿನ್ ಮಾಡಿದ ಮಾರಿಸ್ ಕಂಪನಿಯವರು 1923ರಲ್ಲಿ ಹಾಚ್ಕಿಸ್ ಅನ್ನುವ ಫ್ರೆಂಚ್ ಕಂಪನಿಗೆ ಸೇರಿದ್ದ, ಇಂಗ್ಲೆಂಡಿನ ಕಾವೆಂಟ್ರಿಯ ಎಂಜಿನ್ ಕಾರ್ಖಾನೆ ಕೊಂಡರು. ಅಲ್ಲಿನ ಮಷೀನುಗಳೆಲ್ಲ ಮಿಲಿಮೀಟರ್ ಮರೆ ಕೊರೆಯುವಂಥವು. ಹೊರಗೆ ರಿಪೇರಿ ಮಾಡುವವರ ಕೈಯಲ್ಲಿ ಇದ್ದದ್ದು ವಿಟ್‌ವರ್ತ್ ಪಾನ. ಹಾಗಾಗಿ ಮರೆ ಅವರದು, ತಲೆ ಇವರದು. ನಮ್ಮ 12–13ರ ಪಾನ ಹಾಕಿ ತಿರುಗಿಸಿದರೆ ತಲೆ ಉರುಟಾಗುತ್ತದೆ. ಬೋಲ್ಟ್ ಕಳೆದುಹೋದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಇಂಥದ್ದು ಸಿಗುವುದಿಲ್ಲ. ಆದ್ದರಿಂದ ಒಂದು ಸೆಟ್ ವಿಟ್‌ವರ್ತ್ ಪಾನ ಮೊದಲು ಕೊಳ್ಳಿ, ಬಿಚ್ಚಿದ ಪ್ರತಿ ಬೋಲ್ಟನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಯಾವ ಜಾಗದ್ದು ಅಂತ ಚೀಟಿ ಇಡಿ. ಫೋಟೊ ತೆಗೆಯದೆ ಏನನ್ನೂ ಬಿಚ್ಚಬೇಡಿ.

ಜಾಮ್ ಆದ ಎಂಜಿನ್ನಿಗೆ ಟ್ರ್ಯಾಕ್ಟರ್ ಕಟ್ಟಿ ಎಳೆಯುವ ಐಡಿಯಾ ಯಾರಾದರೂ ಕೊಟ್ಟೇ ಕೊಡುತ್ತಾರೆ. ಕೈ ಮುಗಿದು ಕಳಿಸಿ. ನಾಲ್ಕೂ ಪ್ಲಗ್ ಬಿಚ್ಚಿ, ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆಗೆ ಸ್ವಲ್ಪ ಡೀಸೆಲ್ ಬೆರೆಸಿ ಪ್ರತಿ ಸಿಲಿಂಡರಿಗೂ ಹುಯ್ಯಿರಿ. ಎರಡು ವಾರ ಬಿಡಿ. ಇಳಿದುಹೋದಂತೆ ಮತ್ತೆ ಹುಯ್ಯಿರಿ. ಈ ಕಾರಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುವ ವ್ಯವಸ್ಥೆ ಇದೆ. ಅದನ್ನು ಹಿಡಿದು ಅತ್ತ ಚೂರು, ಇತ್ತ ಚೂರು ಅಲ್ಲಾಡಿಸಿ. ಜೋರು ಬೇಡ. ಬಿಟ್ಟುಕೊಂಡರೆ ಸರಿ, ಇಲ್ಲದಿದ್ದರೆ ಎಂಜಿನ್ ಕೆಳಗಿಳಿಸಿ ಬಿಚ್ಚುವುದೇ. ಬಿಟ್ಟುಕೊಂಡಿತು ಅಂತ ಖುಷಿಯಲ್ಲಿ ಆಗಲೇ ಸ್ಟಾರ್ಟ್ ಮಾಡಬೇಡಿ. ಮೊದಲು ಸಂಪು (ಎಂಜಿನ್ ತಳದ ಎಣ್ಣೆ ತೊಟ್ಟಿ) ಬಿಚ್ಚಿ, ತಳದಲ್ಲಿ ಕೆಸರು ಕೂತಿರುತ್ತದೆ. ಇಷ್ಟು ವರ್ಷ ನಿಂತ ಎಕ್ಸ್‌ಪಿಎಜಿ ಎಂಜಿನ್ನಿನ ಆಯಿಲ್ ಪಂಪು ಒಣಗಿ ಎಣ್ಣೆ ಎಳೆಯುವುದಿಲ್ಲ, ಇದು ಅದರ ಹುಟ್ಟುಗುಣ. ಪಂಪಿಗೆ ಕೈಯಿಂದಲೇ ಎಣ್ಣೆ ತುಂಬಿಸಿ, ಪ್ಲಗ್ ಇಲ್ಲದೆ ಸೆಲ್ಫ್‌ನಲ್ಲಿ ತಿರುಗಿಸಿ, ಆಯಿಲ್ ಪ್ರೆಶರ್ ಮೀಟರಿನ ಮುಳ್ಳು ಎದ್ದ ಮೇಲೆ ಪ್ಲಗ್ ಹಾಕಿ. ಹಿಂದುಗಡೆ ಎಣ್ಣೆ ತೊಟ್ಟಿಕ್ಕಿದರೆ ಗಾಬರಿ ಬೇಡ. ಅಲ್ಲಿ ಈಗಿನ ಹಾಗೆ ಆಯಿಲ್ ಸೀಲ್ ಇಲ್ಲ, ಸುರುಳಿಯಾಗಿ ಕೊರೆದ ಗೀರೊಂದು ಎಣ್ಣೆಯನ್ನು ಒಳಕ್ಕೆ ತಳ್ಳುತ್ತದೆ ಅಷ್ಟೆ. ಸ್ವಲ್ಪ ಸೋರುವುದು ಇದ್ದದ್ದೇ. ಕೆಳಗೆ ಒಂದು ತಟ್ಟೆ ಇಡಿ.

ಬೋರಿಂಗ್ (ಸವೆದ ಸಿಲಿಂಡರನ್ನು ಮತ್ತೆ ಕೊರೆದು ಸಮ ಮಾಡುವುದು) ಮಾಡಿಸಬೇಕಾದರೆ ಬೆಂಗಳೂರಿಗೇ ಓಡಬೇಕು ಅಂತಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಿಂದ ಇದೆ. ಅದರ ನೆರಳಲ್ಲಿ ಶಿವಮೊಗ್ಗ, ಭದ್ರಾವತಿ ಎರಡೂ ಕಡೆ ಲೇತ್, ಫೌಂಡ್ರಿ ಕೆಲಸ ಬಲ್ಲವರು ತಲೆಮಾರುಗಳಿಂದ ಇದ್ದಾರೆ. ಮೂಲ ಅಳತೆ ಬೋರ್ ಅಂದರೆ ಸಿಲಿಂಡರಿನ ಅಗಲ 66.5 ಮಿಲಿಮೀಟರ್, ಸ್ಟ್ರೋಕ್ ಅಂದರೆ ಪಿಸ್ಟನ್ ಓಡುವ ದೂರ 90, ಒಟ್ಟು 1250 ಸಿಸಿ. ಈ ಅಂಕಿ ಬರೆದುಕೊಂಡು ಹೋಗಿ, ಈಗ ಎಷ್ಟು ಸವೆದಿದೆ ಅಂತ ಅಳೆಸಿ. ಹಿಂದೆ ಯಾರೋ ಒಮ್ಮೆ ಬೋರ್ ಮಾಡಿಸಿರಲೂಬಹುದು. ಹಾಗಾಗಿ ಅಳೆಯುವ ಮೊದಲು ಪಿಸ್ಟನ್ ತರಿಸಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಚಿಂತೆ ಹಚ್ಚಿದ ಮಾತು ಎಂಜಿನ್ನಿಂದಲ್ಲ, ‘ಕೊಟ್ಟಿಗೆ ಪಕ್ಕ’ ಅನ್ನುವುದು. ದನದ ಗಂಜಲದಿಂದ ಏಳುವ ಘಾಟು ಅಮೋನಿಯಾ. ಅದು ಹಿತ್ತಾಳೆ, ತಾಮ್ರ ಎರಡನ್ನೂ ತಿನ್ನುತ್ತದೆ. ಬ್ರಿಟಿಷರ ಕಾಲದಲ್ಲಿ ಸೈನ್ಯದವರು ಮಳೆಗಾಲದಲ್ಲಿ ಕುದುರೆ ಲಾಯದಲ್ಲಿಟ್ಟ ಹಿತ್ತಾಳೆ ತೋಟಾಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕುದುರೆ ಗಂಜಲದ ಅಮೋನಿಯಾವೇ ಅದಕ್ಕೆ ಕಾರಣ ಅಂತ ಗೊತ್ತಾದದ್ದು 1921ರಲ್ಲಿ. ನಿಮ್ಮ ಕಾರಿನದೂ ಅದೇ ಕಥೆ: ತೇವ, ಘಾಟು, ಹಿತ್ತಾಳೆ. ಎಸ್‌ಯು ಕಂಪನಿಯ ಎರಡು ಕಾರ್ಬೊರೇಟರಿನ (ಪೆಟ್ರೋಲಿಗೆ ಗಾಳಿ ಬೆರೆಸುವ ಸಾಧನ) ಹಿತ್ತಾಳೆ ಭಾಗಗಳು, ಪೆಟ್ರೋಲ್ ಪೈಪಿನ ನಟ್ಟುಗಳು, ರೇಡಿಯೇಟರ್, ಇವನ್ನೆಲ್ಲ ಭೂತಗನ್ನಡಿ ಹಿಡಿದು ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಭಾಗ ಬೇಡ, ಪೆಟ್ರೋಲ್ ಸೋರಿದರೆ ಬೆಂಕಿ. ವೈರಿನ ತುದಿ ಸುಲಿದು ನೋಡಿ, ಒಳಗೆ ಹಸಿರಾಗಿದ್ದರೆ ಇಡೀ ವೈರಿಂಗ್ ಹೊಸದು ಮಾಡಿಸಿ. ಕಾರನ್ನು ಇವತ್ತೇ ಅಲ್ಲಿಂದ ತೆಗೆಸಿ. ಅಡಿಕೆ ಚಾವಡಿ ಖಾಲಿ ಇದ್ದರೆ ಅಲ್ಲಿ ಇಡಿ, ಆದರೆ ಕುಯ್ಲಿನ ಟೈಮಲ್ಲಿ ಬೇಯಿಸುವ ಹಂಡೆಯ ಹಬೆ ತಾಗದ ಕಡೆ.

ವೈರಿಂಗ್ ಮಾತು ಬಂದಾಗಲೇ ಹೇಳಿಬಿಡುತ್ತೇನೆ. ಈ ಕಾರಿನಲ್ಲಿ ಬ್ಯಾಟರಿಯ ಪ್ಲಸ್ ತಂತಿ ಕಾರಿನ ಲೋಹದ ಮೈಗೆ ಹೋಗುತ್ತದೆ, ಮೈನಸ್ ಅಲ್ಲ. ನಮ್ಮ ಎಲೆಕ್ಟ್ರಿಷಿಯನ್ನರು ಅಭ್ಯಾಸಬಲದಿಂದ ಉಲ್ಟಾ ಕೊಡುತ್ತಾರೆ. ಬ್ಯಾಟರಿ ಹತ್ತಿರ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.

ಇನ್ನು ಮರ. ಟಿಡಿಯ ಚಾಸಿ (ತಳದ ಚೌಕಟ್ಟು) ಉಕ್ಕಿನದು, ಆದರೆ ಮೇಲಿನ ಬಾಡಿ ಅಂದರೆ ಮರದ ಚೌಕಟ್ಟಿಗೆ ತಗಡು ಹೊಡೆದದ್ದು. ಮರ ಆ್ಯಶ್ ಅನ್ನುವ ಜಾತಿಯದು, ಕ್ರಿಕೆಟ್ ಸ್ಟಂಪ್ ಮಾಡುವುದು ಅದರಲ್ಲೇ. ಬಾಗುತ್ತದೆ, ಏಟು ತಡೆಯುತ್ತದೆ, ಆದರೆ ತೇವಕ್ಕೂ ಒರಲೆಗೂ ಆಗಿಬರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಿಮ್ಮಲ್ಲಿ ಅಷ್ಟಿಲ್ಲ, ಆದರೂ ಇಂಗ್ಲೆಂಡಿನವರು ಈ ಮರ ಕಡಿಯುವಾಗ ತೀರ್ಥಹಳ್ಳಿಯ ಆಟಿ ತಿಂಗಳನ್ನು ಮನಸ್ಸಲ್ಲಿ ಇಟ್ಟುಕೊಂಡಿರಲಿಲ್ಲ ಬಿಡಿ. ಬಾಗಿಲು ಜೋತು ಬಿದ್ದದ್ದು ಕಬ್ಜಾದಿಂದಲ್ಲ, ಕಬ್ಜಾ ಹಿಡಿದಿದ್ದ ಕಂಬವೇ ಪುಡಿಯಾದ್ದರಿಂದ. ಈ ಸ್ಥಿತಿಯಲ್ಲಿ ಬಣ್ಣ ಹೊಡೆದರೆ ಬಾಗಿಲು ಎರಡು ಸಲ ಹಾಕಿ ತೆಗೆಯುವುದರಲ್ಲಿ ಮೂಲೆಗಳಲ್ಲಿ ಬಣ್ಣ ಸಿಡಿಯುತ್ತದೆ.

ಇದಕ್ಕೆ ಟಿಂಕರಿಂಗ್ ಮೇಸ್ತ್ರಿಗಿಂತ ಮೊದಲು ಆಚಾರಿಗಳು ಬೇಕು. ನಿಮ್ಮೂರಲ್ಲೇ ಇರುತ್ತಾರೆ. ಹಳೇ ಮನೆ ಕಿತ್ತಾಗ ಸಿಕ್ಕ ಸಾಗುವಾನಿ ತೊಲೆ ಇದ್ದರೆ ಬಂಗಾರ, ಚೆನ್ನಾಗಿ ಒಣಗಿರುತ್ತದೆ, ತಿರುಚುವುದಿಲ್ಲ. ಸಾಗುವಾನಿ ಆ್ಯಶ್‌ನಷ್ಟು ಬಾಗುವುದಿಲ್ಲ ನಿಜ, ಬಗ್ಗಿದ ಭಾಗಗಳನ್ನು ತೆಳ್ಳಗಿನ ಪಟ್ಟಿಗಳನ್ನು ಅಂಟಿಸಿ ಮಾಡಿಸಬೇಕು. ಅದರಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟು ಸುಲಭಕ್ಕೆ ಹಿಡಿಯುವುದಿಲ್ಲ. ಅಂಟು ಹಾಕುವ ಸ್ವಲ್ಪ ಮುಂಚೆ ಅಸಿಟೋನ್ ಬಟ್ಟೆಯಲ್ಲಿ ಒರೆಸಿ, ಎಪಾಕ್ಸಿ ಹಾಕಿ. ಕಬ್ಬಿಣದ ಸ್ಕ್ರೂ ಬೇಡ, ಸ್ಟೇನ್‌ಲೆಸ್ ಸ್ಟೀಲಿನದು ಬಳಸಿ. ಕೆಳಗಿನ ಹಲಗೆಗಳಿಗೆ ಮೆರೀನ್ ಪ್ಲೈವುಡ್ ಸಾಕು, ಮೊದಲಿಂದಲೂ ಅಲ್ಲಿ ಇದ್ದದ್ದು ಪ್ಲೈವುಡ್ಡೇ. ಹಳೇ ತುಂಡು ಎಷ್ಟೇ ಕೊಳೆತಿದ್ದರೂ ಎಸೆಯಬೇಡಿ, ಒಲೆಗೆ ಹಾಕಲು ಕೊಡಬೇಡಿ. ಆಚಾರಿಗಳಿಗೆ ಅದೇ ಅಳತೆ. ಒಂದು ಕಡೆ ಪೂರ್ತಿ ಹೋಗಿದ್ದರೆ ಇನ್ನೊಂದು ಕಡೆಯದನ್ನು ನೋಡಿ ತಿರುವುಮುರುವಾಗಿ ಮಾಡುತ್ತಾರೆ. ಎರಡೂ ಕಡೆ ಒಟ್ಟಿಗೇ ಬಿಚ್ಚಬೇಡಿ ಅನ್ನುವುದು ಅದಕ್ಕೇ. ಬಾಡಿಯನ್ನು ಚಾಸಿ ಮೇಲೇ ಬೋಲ್ಟ್ ಹಾಕಿ ಕೂರಿಸಿಕೊಂಡು, ಬಾಗಿಲು ನೇತುಹಾಕಿ, ಸಂದು ಸಮ ಇದೆಯಾ ನೋಡಿ, ಆಮೇಲೆ ತಗಡು.

ಬ್ರೇಕನ್ನು ಮೊದಲು ಅಂದೆ, ಬರೆಯುವಾಗ ಹಿಂದೆ ಬಿತ್ತು. ನಾಲ್ಕೂ ಚಕ್ರಕ್ಕೆ 9 ಇಂಚಿನ ಡ್ರಮ್ಮು, ಒಂದೇ ಆಯಿಲ್ ಲೈನು. ಈಗಿನ ಕಾರಿನ ಹಾಗೆ ಎರಡು ಬೇರೆ ಲೈನು ಇಲ್ಲ. ಒಂದು ಕಡೆ ಹೋಸ್ ಒಡೆದರೆ ನಾಲ್ಕೂ ಬ್ರೇಕ್ ಹೋಯಿತು, ಕೈಯಲ್ಲಿ ಹ್ಯಾಂಡ್ ಬ್ರೇಕ್ ಮಾತ್ರ. ಹಾಗಾಗಿ ಹಳೇ ಪೈಪು, ಹೋಸು, ರಬ್ಬರು ಒಂದನ್ನೂ ಉಳಿಸಬೇಡಿ. ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲ ಕೆಳಗೆ ಚಾಸಿಯಲ್ಲಿದೆ, ಕೆಸರು ನೀರು ಕುಡಿದು ಒಳಗೆ ತೂತು ತೂತಾಗಿರುತ್ತದೆ. ಲೇತಿನವರ ಹತ್ತಿರ ಒಳಗೆ ಸ್ಟೀಲ್ ಕೊಳವೆ (ಸ್ಲೀವ್) ಹಾಕಿಸಿ ಮೂಲ ಅಳತೆಗೆ ತರಿಸಬಹುದು. ಟಯರಿನ ಹಲ್ಲು ಚೆನ್ನಾಗಿದೆ ಅಂತ ಬರೆದಿದ್ದೀರಿ. 30 ವರ್ಷದ ರಬ್ಬರಿಗೆ ಹಲ್ಲು ಇದ್ದರೇನು, ಬಿಟ್ಟರೇನು, ಐದೂ ಹೊಸದು ಹಾಕಿ. ಇಷ್ಟೆಲ್ಲ ಆದ ಮೇಲೂ ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ. ಡ್ರಮ್ಮು ಕಾದರೆ ಪೆಡಲ್ ಒತ್ತಿದರೂ ಕಾರು ಕೇಳುವುದಿಲ್ಲ.

ಬಣ್ಣದ ಸರದಿ ಬಂದಾಗ ದೀಪಾವಳಿ ಕಳೆದ ಮೇಲೆ, ಶಿವರಾತ್ರಿ ಒಳಗೆ ಮುಗಿಸಿ. ಮಳೆಗಾಲದಲ್ಲಿ ಗಾಳಿಯಲ್ಲಿರುವ ನೀರಿನಂಶಕ್ಕೆ ಬಣ್ಣ ಬೆಳ್ಳಗಾಗುತ್ತದೆ. ಪೇಂಟ್ ಬೂತ್ (ಬಣ್ಣ ಹೊಡೆಯುವ ಮುಚ್ಚಿದ ಕೋಣೆ) ಇಲ್ಲದ ಕಡೆಯಂತೂ ಬೇಡವೇ ಬೇಡ. ಚಳಿಗಾಲದಲ್ಲೂ ಮಂಜು ಹೋಗಿ ಬಿಸಿಲು ಬಿದ್ದ ಮೇಲೇ ಸ್ಪ್ರೇ ಗನ್ ಹಿಡಿಯಲಿ. ಹಳೇ ಬಣ್ಣ ಪೂರ್ತಿ ಕೆರೆಯುವ ಮೊದಲು ಡ್ಯಾಶ್‌ಬೋರ್ಡಿನ ಹಿಂದೆ, ಸೀಟಿನ ಕೆಳಗೆ ನೋಡಿ, ಕಾರ್ಖಾನೆಯಲ್ಲಿ ಹೊಡೆದ ಬಣ್ಣ ಅಲ್ಲಿ ಉಳಿದಿರುತ್ತದೆ. ಒಂದು ತುಂಡು ಹಾಗೇ ಬಿಡಿಸಿ. ಮುಗಿದ ಕಾರು ಹೇಗಿರಬೇಕು ಅಂತ ನೋಡುವ ಆಸೆ ಇದ್ದರೆ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಮ್ಮಿನಲ್ಲಿ ಹಳೇ ಕಾರುಗಳಿವೆ, ಶ್ರೀರಂಗಪಟ್ಟಣದ ಹತ್ತಿರ ಪಯಣ ಮ್ಯೂಸಿಯಂ ಇದೆ. ಆಚಾರಿಗಳನ್ನೂ ಕರೆದುಕೊಂಡು ಹೋಗಿ, ಅವರು ನೋಡುವುದೇ ಬೇರೆ.

ಚಿಕ್ಕಪ್ಪನ ಮಾತು ತಳ್ಳಿಹಾಕಬೇಡಿ. ಕಾರು ಅಜ್ಜನದು ಅಂದ ಮೇಲೆ ಅವರ ಪಾಲೂ ಇದೆ. ಖರ್ಚು ಮಾಡುವ ಮೊದಲು ಅವರ ಒಪ್ಪಿಗೆ ಬರಹದಲ್ಲಿ ತಗೊಳ್ಳಿ, ಮುಗಿದ ಮೇಲೆ ಕಾರಿಗೆ ಬೆಲೆ ಬಂದಾಗ ಜಗಳ ಶುರುವಾಗುವುದು ಬೇಡ. ಮಾರುವುದೇ ಆದರೆ ಹೀಗೇ, ಕೈ ಹಚ್ಚದೆ ಮಾರಿ. ಅರ್ಧ ಬಿಚ್ಚಿದ ಕಾರಿಗೆ ಯಾರೂ ಸರಿಯಾದ ಬೆಲೆ ಕೊಡುವುದಿಲ್ಲ.

ವೈಶಾಖದ ದಿಬ್ಬಣ? ಆಗುವುದಿಲ್ಲ. ಅಮ್ಮನಿಗೆ ಈಗಲೇ ಹೇಳಿಬಿಡಿ.

ಪ್ರಶ್ನೆ: ತಂದೆಯವರ 1968ರ ಕಾರು ನಮ್ಮ ಮನೆಯಲ್ಲಿದೆ, ಮೈಸೂರು ರಾಜ್ಯದ ಎಂವೈ ನಂಬರ್. ಅವರು ತೀರಿಕೊಂಡು 4 ವರ್ಷ. ಆರ್‌ಸಿ ಪುಸ್ತಕ ಇನ್ನೂ ಅವರ ಹೆಸರಲ್ಲೇ ಇದೆ, ತಮ್ಮ ಅಮೆರಿಕದಲ್ಲಿದ್ದಾನೆ. ‘ವಿಂಟೇಜ್’ ಅಂತ ಮಾಡಿಸಿದರೆ ಒಳ್ಳೆಯದು ಅಂತಾರೆ. ಹೌದಾ?
– ಓದುಗರು, ಸಾಗರ

ಉತ್ತರ: ಅಕ್ಕಾ, ಮೊದಲು ಹೆಸರು ಬದಲಾಯಿಸಿ. ಮಾಲೀಕರು ತೀರಿಕೊಂಡರೆ 30 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು, 3 ತಿಂಗಳಲ್ಲಿ ಹೆಸರು ಬದಲಾವಣೆಯ ಫಾರಂ 31 ಕೊಡಬೇಕು ಅಂತ ನಿಯಮ. ನಿಮ್ಮದು ತಡವಾಗಿದೆ, ದಂಡ ಕಟ್ಟಬೇಕಾಗಬಹುದು, ಆದರೆ ಬಾಗಿಲು ಮುಚ್ಚಿಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಜೋಡಿಸಿಟ್ಟುಕೊಳ್ಳಿ. ತಮ್ಮನ ಒಪ್ಪಿಗೆ ಪತ್ರವನ್ನು ಅಲ್ಲಿಂದ ಹೇಗೆ ಮಾಡಿಸಿ ಕಳಿಸಬೇಕು ಅಂತ ಆರ್‌ಟಿಓದಲ್ಲೇ ಮೊದಲು ಕೇಳಿ, ಎರಡೆರಡು ಸಲ ಕಳಿಸುವ ಕೆಲಸ ತಪ್ಪುತ್ತದೆ. ಹಳೇ ಪುಸ್ತಕದ ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿಸಿ, ಮೂಲ ಪುಸ್ತಕ ಯಾರ ಕೈಗೂ ಕೊಟ್ಟು ಬರಬೇಡಿ. ಕೊಡಲೇಬೇಕಾದರೆ ರಸೀದಿ ತಗೊಳ್ಳಿ.

ವಿಂಟೇಜ್ ನೋಂದಣಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂತು. 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹೊಸ ನೋಂದಣಿಗೆ 20 ಸಾವಿರ ರೂಪಾಯಿ, 10 ವರ್ಷ ನಡೆಯುತ್ತದೆ, ಆಮೇಲೆ ಮತ್ತೆ ಮಾಡಿಸಲು 5 ಸಾವಿರ. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ವಿಎ ಅಂತ ಅಕ್ಷರ ಬರುತ್ತದೆ. ಮೊದಲೇ ನೋಂದಣಿ ಇದ್ದದ್ದಕ್ಕೆ ಹಳೇ ನಂಬರೇ ಉಳಿಸಿಕೊಳ್ಳಬಹುದು. ನಿಮ್ಮ ಎಂವೈ ನಂಬರು ಹೋಗುವುದಿಲ್ಲ, ಚಿಂತೆ ಬೇಡ.

ಆದರೆ ಜನ ಹೇಳದೇ ಬಿಡುವ ಮಾತು ಒಂದಿದೆ. ವಿಂಟೇಜ್ ಅಂತ ಆದ ಮೇಲೆ ಅದನ್ನು ದಿನಾ ಓಡಿಸುವ ಹಾಗಿಲ್ಲ, ಬಾಡಿಗೆಗಂತೂ ಇಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಇಷ್ಟಕ್ಕೇ ರಸ್ತೆಗೆ ಇಳಿಸಬಹುದು. ನೀವು ಪತ್ರದಲ್ಲಿ ಭಾನುವಾರ ಇಕ್ಕೇರಿ ದೇವಸ್ಥಾನಕ್ಕೆ ಹೋಗಿಬರುವ ಆಸೆ ಬರೆದಿದ್ದೀರಿ. ಹಾಗಿದ್ದರೆ ಸಾಮಾನ್ಯ ಆರ್‌ಸಿಯನ್ನೇ ನವೀಕರಿಸುವುದು ಒಳ್ಳೆಯದು. 15 ವರ್ಷ ದಾಟಿದ ಖಾಸಗಿ ಕಾರಿಗೆ ತಪಾಸಣೆ ಮಾಡಿ 5 ವರ್ಷಕ್ಕೊಮ್ಮೆ ಕೊಡುತ್ತಾರೆ. (ತೀರ್ಥಹಳ್ಳಿಯವರೂ ಇದನ್ನು ಓದಿಕೊಳ್ಳಿ. ದಿಬ್ಬಣ ಆ ಪಟ್ಟಿಯಲ್ಲಿಲ್ಲ.) ಎರಡರಲ್ಲಿ ಯಾವುದೇ ಆಗಲಿ ಇನ್ಶೂರೆನ್ಸ್ ಇಲ್ಲದೆ ಗೇಟು ದಾಟಬೇಡಿ.

ಪ್ರಶ್ನೆ: ಮಾವನವರ ಹಳೇ ಕಾರು ರಿಪೇರಿ ಮಾಡಿಸಿ ಆರು ತಿಂಗಳಾಗಿಲ್ಲ. ಮಳೆಗಾಲ ಪೂರ್ತಿ ನಿಲ್ಲಿಸಿದ್ದೆ. ಈಗ ಕಾರ್ಬೊರೇಟರಿನಿಂದ ಪೆಟ್ರೋಲ್ ಸೋರುತ್ತಿದೆ, ಸ್ಟಾರ್ಟ್ ಆದರೂ ಕೆಮ್ಮುತ್ತದೆ. ಮೇಸ್ತ್ರಿ ಮೋಸ ಮಾಡಿದನೇ?
– ಓದುಗರು, ಕೊಪ್ಪ

ಉತ್ತರ: ಮೇಸ್ತ್ರಿಯನ್ನು ಬೈಯುವ ಮೊದಲು ಪೆಟ್ರೋಲನ್ನು ನೋಡಿ. ಈಗ ಬಂಕಿನಲ್ಲಿ ಬರುವುದು ನೂರಕ್ಕೆ 20 ಭಾಗ ಎಥನಾಲ್ ಬೆರೆತದ್ದು. ಹಳೇ ಕಾಲದ ರಬ್ಬರ್ ಪೈಪು, ಕಾರ್ಕಿನ ವಾಷರು ಇದನ್ನು ನೋಡಿದ್ದೇ ಇಲ್ಲ, ಉಬ್ಬುತ್ತವೆ, ಮೆತ್ತಗಾಗುತ್ತವೆ, ಸೋರುತ್ತವೆ. ಎಥನಾಲ್ ಗಾಳಿಯಿಂದ ನೀರನ್ನೂ ಎಳೆದುಕೊಳ್ಳುತ್ತದೆ. ಜೂನಿಂದ ಸೆಪ್ಟೆಂಬರ್‌ವರೆಗೆ ಕೊಪ್ಪದ ಗಾಳಿಯಲ್ಲಿ ನೀರಿಗೇನು ಬರ? ನೀರು ಜಾಸ್ತಿಯಾದರೆ ಅದು ಎಥನಾಲ್ ಜೊತೆ ಸೇರಿ ಟ್ಯಾಂಕಿನ ತಳಕ್ಕೆ ಇಳಿದು ಕೂರುತ್ತದೆ, ಎಂಜಿನ್ನಿಗೆ ಮೊದಲು ಹೋಗುವುದು ಆ ತಳದ್ದೇ. ಕೆಮ್ಮು ಅಲ್ಲಿಂದ.

ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ. ತೆಗೆದದ್ದನ್ನು ಗಾಜಿನ ಬಾಟಲಿಯಲ್ಲಿ ಹಾಕಿ ಇಟ್ಟರೆ ಎರಡು ಪದರ ಕಾಣುತ್ತದೆ, ಕಂಡರೆ ಮೇಸ್ತ್ರಿ ಬಚಾವ್. ಎಥನಾಲ್ ತಡೆಯುವ ಪೈಪು, ಸೀಲುಗಳನ್ನು ಹಾಕಿಸಿ. ಮುಂದಿನ ಮಳೆಗಾಲಕ್ಕೆ ಮೊದಲು ಟ್ಯಾಂಕನ್ನೂ ಕಾರ್ಬೊರೇಟರನ್ನೂ ಖಾಲಿ ಮಾಡಿ ನಿಲ್ಲಿಸಿ. ಇಲ್ಲವಾದರೆ ವಾರಕ್ಕೊಮ್ಮೆ ಹೊರಗೆ ತೆಗೆದು ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಬೇಡ, ಸೈಲೆನ್ಸರಿನಲ್ಲಿ ನೀರು ನಿಂತು ಒಳಗಿಂದ ತುಕ್ಕು ಹಿಡಿಯುತ್ತದೆ. ಸೀಸ ಇಲ್ಲದ ಪೆಟ್ರೋಲಿಗೆ ವಾಲ್ವ್ ಸೀಟು (ಹೆಡ್ಡಿನಲ್ಲಿ ವಾಲ್ವ್ ಕೂರುವ ಜಾಗ) ಸವೆದು ಹೋಗುತ್ತದಲ್ವಾ ಅಂತಲೂ ಕೇಳಿದ್ದೀರಿ. ನಮ್ಮಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ನಿಧಾನ ಓಡಿಸುವ ಕಾರಿಗೆ ಅದು ಅಷ್ಟು ಅವಸರದ ವಿಷಯ ಅಲ್ಲ. ಮುಂದೆ ಹೆಡ್ ಬಿಚ್ಚಿದಾಗ ಗಟ್ಟಿ ಸೀಟು ಹಾಕಿಸಿದರಾಯಿತು.

ಪ್ರಶ್ನೆ: ಅಜ್ಜನ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ, 2 ಬಾಗಿಲಿನದು. ಮೇಲ್ಛಾವಣಿ ಕತ್ತರಿಸಿ, ಮಾರುತಿ ಎಂಜಿನ್ ಕೂರಿಸಿ ಸ್ಪೋರ್ಟ್ಸ್ ಕಾರ್ ಮಾಡಬೇಕು ಅಂತಿದ್ದೇನೆ. ಐಡಿಯಾ ಹೇಗಿದೆ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಕೆಟ್ಟದಾಗಿದೆ ತಮ್ಮಾ. ಸಿಟ್ಟಾಗಬೇಡ, ಪೂರ್ತಿ ಓದು.

ಹೆರಾಲ್ಡ್ ನಮ್ಮಲ್ಲಿ ಮದ್ರಾಸಿನಲ್ಲಿ 1961ರಿಂದ ತಯಾರಾಯಿತು. ಡಿಸೈನ್ ಮಾಡಿದ್ದು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಇದೇ ಚಾಸಿಯನ್ನು ಚಿಕ್ಕದು ಮಾಡಿ ಹೆರಾಲ್ಡಿನ ಮೂಲ ಕಂಪನಿ, ಇಂಗ್ಲೆಂಡಿನ ಟ್ರಯಂಫ್‌ನವರು ಸ್ಪಿಟ್‌ಫೈರ್ ಅನ್ನುವ ಅಸಲಿ ಸ್ಪೋರ್ಟ್ಸ್ ಕಾರು ಮಾಡಿದರು. ಅಂದರೆ ಸ್ಪೋರ್ಟ್ಸ್ ಕಾರಿನ ರಕ್ತ ನಿನ್ನ ಕಾರಿನಲ್ಲಿ ಆಗಲೇ ಇದೆ, ಹೊಸದಾಗಿ ಏನೂ ಹಾಕಬೇಕಾಗಿಲ್ಲ. ಇನ್ನು ಕಟರ್ ಹಿಡಿಯುವ ಮೊದಲು ಒಳಗಿನ ಸೀಲಿಂಗ್ ಬಟ್ಟೆ ತೆಗೆದು ನೋಡು. ಹೆರಾಲ್ಡಿನ ಛಾವಣಿ ಬೋಲ್ಟ್ ಹಾಕಿ ಕೂರಿಸಿದ್ದು, ಬಿಚ್ಚಿದರೆ ಬರುತ್ತದೆ. ಬಿಚ್ಚಿ ಇಟ್ಟರೆ ನಾಳೆ ವಾಪಸ್ ಹಾಕಬಹುದು, ಕತ್ತರಿಸಿದರೆ ಮುಗಿಯಿತು. ಬಿಚ್ಚಿ ಓಡಿಸುವುದಕ್ಕೂ ಆರ್‌ಸಿಯಲ್ಲಿ ಸಲೂನ್ ಅಂತ ಬರೆದಿರುತ್ತದೆ, ಆರ್‌ಟಿಓ ಒಪ್ಪಿಗೆ ಬೇಕು.

ಮಾರುತಿ ಎಂಜಿನ್ ಹಾಕಿದರೆ ಮುಂದೆ ವಿಂಟೇಜ್ ನೋಂದಣಿ ದಾರಿಯೂ ಮುಚ್ಚಿತು. ನಿನ್ನ ಕೈ ತುರಿಸುತ್ತಿದ್ದರೆ ಹಿಂದಿನ ಸ್ಪ್ರಿಂಗು ನೋಡು. ಈ ಕಾರಿನ ಹಿಂದಿನ ಚಕ್ರಗಳು ಜೋರು ತಿರುವಿನಲ್ಲಿ ಒಳಕ್ಕೆ ಮಡಚಿಕೊಳ್ಳುವ ಗುಣದವು, ಸೊರಗಿದ ಸ್ಪ್ರಿಂಗು, ಸತ್ತ ಶಾಕ್ ಅಬ್ಸಾರ್ಬರ್ ಇದ್ದರೆ ಇನ್ನೂ ಅಪಾಯ. ಅದನ್ನು ಸರಿ ಮಾಡುವುದರಲ್ಲಿ ಕಲಿಯಲು ಬೇಕಾದಷ್ಟಿದೆ. ಮುಂದಿನ ಬಾನೆಟ್ ಪೂರ್ತಿ ಎದ್ದು ನಿಲ್ಲುತ್ತದೆ, ಚಕ್ರದ ಮೇಲೆ ಕೂತುಕೊಂಡೇ ಎಂಜಿನ್ ಕೆಲಸ ಮಾಡಬಹುದು. ಇಷ್ಟು ಸುಖದ ಕಾರು ಇವತ್ತು ಯಾರು ಕೊಡುತ್ತಾರೆ?

ಪ್ರಶ್ನೆ: ಹೊಸ ವೈರಿಂಗ್ ಮಾಡಿಸಿದ ತಿಂಗಳಲ್ಲೇ ಇಲಿ ಕಡಿದು ಹಾಕಿದೆ. ನುಸಿ ಗುಳಿಗೆ ಇಟ್ಟರೂ ಪ್ರಯೋಜನ ಇಲ್ಲ. ಏನು ಮಾಡಲಿ?
– ಓದುಗರು, ಹೊಸನಗರ

ಉತ್ತರ: ಶೆಡ್ಡಿನಲ್ಲಿ ಭತ್ತದ ಮೂಟೆ, ಹಿಂಡಿ ಚೀಲ ಇದ್ದರೆ ಮೊದಲು ಅದನ್ನು ಹೊರಗೆ ಸಾಗಿಸಿ. ಬಾನೆಟ್ ತೆರೆದೇ ಇಡಿ, ಇಲಿಗೆ ಬೇಕಾದದ್ದು ಕತ್ತಲು ಮತ್ತು ಬೆಚ್ಚಗಿನ ಮೂಲೆ. ಸೀಟಿನೊಳಗೆ ತೆಂಗಿನ ನಾರು ಇದ್ದರೆ ಅಲ್ಲೇ ಗೂಡು ಮಾಡಿರುತ್ತದೆ, ಬಿಚ್ಚಿ ನೋಡಿ. ಪಾಷಾಣ ಮಾತ್ರ ಇಡಬೇಡಿ, ತಿಂದದ್ದು ಹೋಗಿ ಎಲ್ಲೋ ಬಾಗಿಲ ಸಂದಿಯಲ್ಲಿ ಸಾಯುತ್ತದೆ, ವಾಸನೆ ಹುಡುಕಿಕೊಂಡು ಇಡೀ ಕಾರು ಬಿಚ್ಚಬೇಕಾಗುತ್ತದೆ. ಬೋನು ಇಡಿ. ಬೆಕ್ಕು ಸಾಕಿದರೆ ಇನ್ನೂ ಒಳ್ಳೆಯದು, ಆದರೆ ಹುಡ್ ಬಟ್ಟೆಯ ಮೇಲೆ ಉಗುರು ಮಸೆಯದ ಹಾಗೆ ನೋಡಿಕೊಳ್ಳಿ.